ಊರ ಲೈಬ್ರರಿಗೆ ಯಾವ ಇಂಟರ್ನೆಟ್ ಫಿಲ್ಟರ್? ಬೀಗ ಕೊಳ್ಳುವ ಮೊದಲು ಕೀಲಿ ಯಾರ ಕೈಲಿ ಅಂತ ನೋಡಿ

ಲೈಬ್ರರಿಗೆ ಐದು ಕಂಪ್ಯೂಟರ್ ಬಂದವು, ವೈಫೈ ಬಂತು. ಮುಂದಿನ ವಾರವೇ ಮಾತು ಶುರುವಾಗುತ್ತದೆ. ಮಕ್ಕಳು ಏನೇನು ನೋಡುತ್ತಾರೋ ಎಂದು ಪಾಲಕರಿಗೆ ಚಿಂತೆ. ಹೆಸರು ಕೆಟ್ಟೀತು ಎಂದು ಆಡಳಿತ ಮಂಡಳಿಗೆ ಚಿಂತೆ. ಕೊನೆಗೆ "ಒಂದು ಫಿಲ್ಟರ್ ಹಾಕಿಬಿಡಿ" ಎಂಬ ಮಾತು ಲೈಬ್ರರಿಯನ್ ಮೇಜಿಗೆ ಬಂದು ನಿಲ್ಲುತ್ತದೆ. ಯಾವ ಫಿಲ್ಟರ್, ಅದು ಏನು ತಡೆಯುತ್ತದೆ, ತಪ್ಪು ಮಾಡಿದರೆ ಯಾರು ಸರಿ ಮಾಡಬೇಕು, ಇದನ್ನು ಯಾರೂ ಹೇಳುವುದಿಲ್ಲ. ಕುಮಟಾ, ಅಂಕೋಲಾ, ಸಿರ್ಸಿ ಕಡೆಯ ಲೈಬ್ರರಿ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಫೋನಿನಲ್ಲಿ ಅರ್ಧ ಗಂಟೆ ಹೇಳುವುದಕ್ಕಿಂತ ಬರೆದಿಡುವುದು ಒಳ್ಳೆಯದು ಅನ್ನಿಸಿತು.

ಮೊದಲು ಒಂದು ಘಟನೆ ಹೇಳಬೇಕು. ಹೋಲಿಕೆಗೆ ನಾನು ಹಿಡಿದಿರುವ ಅಳತೆಗೋಲು ಅಲ್ಲಿಂದಲೇ ಬಂದದ್ದು.

ಕೆಲವು ವರ್ಷದ ಹಿಂದೆ ನಾನು ಲೈಬ್ರರಿಯನ್ ಆಗಿದ್ದ ಒಂದು ಕಡೆ ದುಡ್ಡು ಕೊಟ್ಟು ಫಿಲ್ಟರ್ ಹಾಕಿಸಿದ್ದರು. ಅದರ ಪಾಸ್‌ವರ್ಡ್ ಹಾಕಿಕೊಟ್ಟವರ ಹತ್ತಿರ ಮಾತ್ರ ಇತ್ತು. ಪಿಯುಸಿ ಎರಡನೇ ವರ್ಷದ ಒಬ್ಬ ಹುಡುಗಿ ಮಧ್ಯಾಹ್ನ ಬಂದು ಕಂಪ್ಯೂಟರ್ ಮುಂದೆ ಕೂತಳು. ಅವಳ ಅಮ್ಮ ಬಂದರಿನಲ್ಲಿ ಮೀನು ಆರಿಸುವ ಕೆಲಸಕ್ಕೆ ಹೋಗುವವರು. ಅಮ್ಮನ ಎದೆಯಲ್ಲಿ ಗಂಟು ಕಂಡಿತ್ತು. ಡಾಕ್ಟರು ಚೀಟಿಯಲ್ಲಿ ಎಫ್‌ಎನ್‌ಎಸಿ ಎಂದು ಬರೆದಿದ್ದರು. ಸಣ್ಣ ಸೂಜಿ ಚುಚ್ಚಿ ಮಾಡುವ ಪರೀಕ್ಷೆ ಅದು, ಆದರೆ ಮನೆಯಲ್ಲಿ ಅದು ಯಾರಿಗೂ ಗೊತ್ತಿಲ್ಲ. ಇವಳು ಹುಡುಕಿದಳು, ಒಂದು ಪುಟ ಒತ್ತಿದಳು. ಪರದೆ ತುಂಬ ಕೆಂಪು ಬೋರ್ಡು ಬಂತು: ಅಶ್ಲೀಲ ವಿಭಾಗ, ನಿಮ್ಮ ಪ್ರಯತ್ನ ದಾಖಲಾಗಿದೆ. ಅವಳು ಸುಮ್ನೆ ಎದ್ದು ಹೋದಳು. ನನಗೆ ಗೊತ್ತಾಗಿದ್ದು ಹತ್ತು ದಿನದ ಮೇಲೆ, ಅದೂ ಅವಳ ಗೆಳತಿಯಿಂದ. ಕರೆದು ಕೇಳಿದಾಗ ಅವಳು ಹೇಳಿದ ಮೊದಲ ಮಾತು, "ಅಕ್ಕೋರೆ, ನಾನು ಅಂಥದ್ದೆಲ್ಲ ನೋಡೂಕೆ ಹೋಗ್ಲಿಲ್ಲ."

ಅಮ್ಮನ ವಿಷಯ ಆಮೇಲೆ ಬಂತು. ಮೊದಲು ತಾನು ಕೆಟ್ಟವಳಲ್ಲ ಎಂದು ಅವಳು ಹೇಳಿಕೊಳ್ಳಬೇಕಾಯಿತು. ನಾನು ಫಿಲ್ಟರ್‌ನವರಿಗೆ ಫೋನ್ ಮಾಡಿದೆ, ದೂರು ಬರೆಸಿದೆ, ಆ ಪುಟ ತೆರೆಯುವ ಹೊತ್ತಿಗೆ ಇನ್ನೂ ನಾಲ್ಕು ದಿನ ಕಳೆದಿತ್ತು.

ಅದಕ್ಕೇ ನಾನು ಈಗ ಯಾವ ಫಿಲ್ಟರ್ ನೋಡಿದರೂ ಮೊದಲು ಕೇಳುವುದು ಇಷ್ಟೇ. ಇದು ತಪ್ಪಾಗಿ ತಡೆದಾಗ ಲೈಬ್ರರಿಯಲ್ಲಿ ಕೂತವರೇ ತೆರೆಯಬಹುದಾ? ಎಷ್ಟು ಹೊತ್ತಿನಲ್ಲಿ? ಕಾರಣ ಕೇಳದೆ ತೆರೆಯಬಹುದಾ? ಎಷ್ಟು ಕೋಟಿ ಸೈಟ್ ತಡೆಯುತ್ತದೆ ಎಂಬ ಲೆಕ್ಕ ಆಮೇಲೆ.

ಇದು ನನ್ನೊಬ್ಬಳ ಹಟ ಅಲ್ಲ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳ ಇಂಟರ್ನೆಟ್ ರಕ್ಷಣೆಯ ಕಾನೂನು ಬಂತು. ಇಂಟರ್ನೆಟ್‌ಗೆ ಸರ್ಕಾರದ ನೆರವು ಬೇಕಾದರೆ ಲೈಬ್ರರಿಗಳು ಅಶ್ಲೀಲ ಚಿತ್ರ ತಡೆಯುವ ಫಿಲ್ಟರ್ ಹಾಕಲೇಬೇಕು ಎಂದಿತು. ಅಲ್ಲಿಯ ಲೈಬ್ರರಿಯನ್ನರ ಸಂಘವೇ ಇದನ್ನು ಕೋರ್ಟಿಗೆ ಒಯ್ದಿತು, 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಒಂಬತ್ತರಲ್ಲಿ ಆರು ನ್ಯಾಯಮೂರ್ತಿಗಳು ಕಾನೂನಿನ ಪರ ನಿಂತರು. ಆದರೆ ಆ ಆರರಲ್ಲಿ ಒಬ್ಬರಾದ ಕೆನಡಿ ಬರೆದದ್ದು ನೋಡಿ: ದೊಡ್ಡವರು ಕೇಳಿದಾಗ ಲೈಬ್ರರಿಯನ್ ಹೆಚ್ಚು ತಡಮಾಡದೆ ತೆರೆದುಕೊಡುವುದಾದರೆ ಈ ಮೊಕದ್ದಮೆಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂದು. ಅಂದರೆ ಫಿಲ್ಟರ್ ಸರಿಯೋ ತಪ್ಪೋ ಎಂಬುದು ಅಲ್ಲೂ ಕೊನೆಗೆ ಬಂದು ನಿಂತದ್ದು ಲೈಬ್ರರಿಯನ್ ಕೈಯಲ್ಲಿರುವ ಕೀಲಿಯ ಮೇಲೆ.

ನಮ್ಮಲ್ಲಿ ಲೈಬ್ರರಿಗೆಂದೇ ಬರೆದ ಇಂಥ ಕಾನೂನಿಲ್ಲ. ಸೈಬರ್ ಕೆಫೆಗಳಿಗೆ 2011ರ ನಿಯಮಗಳಿವೆ. ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು, ಅಶ್ಲೀಲ ಸೈಟ್ ನೋಡಬಾರದೆಂದು ಬೋರ್ಡು ಹಾಕಬೇಕು, ಯಾರು ಬಂದರೆಂಬ ದಾಖಲೆ ಒಂದು ವರ್ಷ ಇಡಬೇಕು, ಹೀಗೆ. ಕೆಲವು ಲೈಬ್ರರಿಗಳು ಇದನ್ನೇ ಎತ್ತಿಕೊಂಡು ಹೋಗುತ್ತವೆ. ಬೋರ್ಡು ಹಾಕಿ, ತೊಂದರೆ ಇಲ್ಲ. ಯಾರು ಯಾವ ಪುಟ ನೋಡಿದರು ಎಂದು ವರ್ಷಗಟ್ಟಲೆ ಕೂಡಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾರು ಯಾವ ಪುಸ್ತಕ ಓದಿದರು ಎಂದು ನಾವು ಊರಿಗೆ ಹೇಳಿಕೊಂಡು ತಿರುಗುತ್ತೇವಾ? ಇದೂ ಹಾಗೇ ಅಲ್ವಾ.

ಇನ್ನು ಆಯ್ಕೆಗಳಿಗೆ ಬರೋಣ.

ಫಿಲ್ಟರ್ ಬೇಡ, ಕಣ್ಣು ಸಾಕು

ಕೆಲವರು ಏನೂ ಹಾಕುವುದಿಲ್ಲ. ಕಂಪ್ಯೂಟರ್‌ಗಳನ್ನು ಲೈಬ್ರರಿಯನ್ ಕೂತಲ್ಲಿಂದ ಕಾಣುವ ಹಾಗೆ ಇಡುತ್ತಾರೆ, ಅಷ್ಟೇ. ಖರ್ಚಿಲ್ಲ. ತಪ್ಪಾಗಿ ತಡೆಯುವ ಪ್ರಶ್ನೆಯೇ ಇಲ್ಲ. ಓದುಗರು ಎಲ್ಲ ದೊಡ್ಡವರೇ ಆಗಿರುವ ಕಡೆ, ಪದವಿ ಕಾಲೇಜು ಅಥವಾ ಪರೀಕ್ಷೆಗೆ ಓದುವವರ ಕೋಣೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಹತ್ತು ವರ್ಷದ ಮಗು ಆಟದ ಸೈಟಿನಲ್ಲಿ ಒಂದು ಜಾಹೀರಾತು ಒತ್ತಿ ಎಲ್ಲೋ ಹೋಗಿಬಿಡುವುದು ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಆ ಹೊತ್ತಿಗೆ ನಾವು ಪುಸ್ತಕ ಎತ್ತಿಡುತ್ತಿರುತ್ತೇವೆ. ಇನ್ನೊಂದು, ಎಲ್ಲ ಪರದೆಯೂ ಎಲ್ಲರಿಗೂ ಕಾಣುವ ಹಾಗಿದ್ದರೆ ಆ ಹುಡುಗಿಯಂಥವರು ಹುಡುಕುವುದೇ ಇಲ್ಲ. ಹಾಗಾಗಿ ಯಾವ ಫಿಲ್ಟರ್ ಹಾಕಿದರೂ ಹಾಕದಿದ್ದರೂ ಒಂದು ಕಂಪ್ಯೂಟರನ್ನಾದರೂ ಬದಿಗೆ ಇಡಿ, ಅದರ ಪರದೆ ಬಾಗಿಲಿನಿಂದ ಬರುವವರ ಕಣ್ಣಿಗೆ ಬೀಳಬಾರದು.

ಹುಡುಕಾಟವನ್ನು ಮಾತ್ರ ಸೋಸುವುದು

ಗೂಗಲ್‌ನ ಸೇಫ್‌ಸರ್ಚ್ ಮತ್ತು ಯೂಟ್ಯೂಬ್‌ನ ರಿಸ್ಟ್ರಿಕ್ಟೆಡ್ ಮೋಡ್. ಎರಡೂ ಪುಕ್ಕಟೆ. ಹತ್ತು ನಿಮಿಷದ ಕೆಲಸ. ಹುಡುಕಿದಾಗ ಬರುವ ಚಿತ್ರ, ವಿಡಿಯೊಗಳಲ್ಲಿ ಅಸಹ್ಯವಾದದ್ದು ಹಿಂದೆ ಸರಿಯುತ್ತದೆ. ನೇರವಾಗಿ ಸೈಟಿನ ವಿಳಾಸ ಹೊಡೆದು ಹೋಗುವವರನ್ನು ಸೇಫ್‌ಸರ್ಚ್ ತಡೆಯುವುದಿಲ್ಲ. ಅದರ ಕೆಲಸ ಹುಡುಕಾಟದ ಪುಟದಲ್ಲೇ ಮುಗಿಯುತ್ತದೆ. ಯೂಟ್ಯೂಬ್‌ನಲ್ಲಿ ಈ ಮೋಡ್ ಹಾಕಿದರೆ ಕಾಮೆಂಟುಗಳೂ ಕಾಣುವುದಿಲ್ಲ, ಮಕ್ಕಳ ಮಟ್ಟಿಗೆ ಅದು ಒಳ್ಳೆಯದೇ. ಮಗು ಬೇಕೆಂದು ಹೋಗುವುದಕ್ಕಿಂತ ಎಡವಿ ಬೀಳುವುದೇ ಜಾಸ್ತಿ, ಆ ಎಡವುವಿಕೆಯನ್ನು ಇದು ಬಹಳ ಮಟ್ಟಿಗೆ ತಪ್ಪಿಸುತ್ತದೆ. ಕೀಲಿ ಪೂರ್ತಿ ನಿಮ್ಮ ಕೈಯಲ್ಲೇ. ಶಾಲೆಯ ಲೈಬ್ರರಿ ಆದರೆ ಇದು ಕಣ್ಣು ಮುಚ್ಚಿ ಹಾಕಬಹುದಾದ್ದು.

ಡಿಎನ್‌ಎಸ್ ಫಿಲ್ಟರ್: ಪುಕ್ಕಟೆ, ಆದರೆ ರಂಪಣಿ ಬಲೆ

ಹೆಚ್ಚು ಜನ ಕೊನೆಗೆ ಬಂದು ನಿಲ್ಲುವುದು ಇಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಒಂದು ಸೈಟಿನ ಹೆಸರು ಹೊಡೆದಾಗ ಆ ಹೆಸರಿಗೆ ಸೇರಿದ ಅಂಕಿ ವಿಳಾಸ ಯಾವುದು ಎಂದು ಕಂಪ್ಯೂಟರ್ ಯಾರನ್ನೋ ಕೇಳುತ್ತದೆ. ಆ ಹೇಳುವವರೇ ಡಿಎನ್‌ಎಸ್. ಹೇಳುವವರನ್ನು ಬದಲಿಸಿದರೆ, ಕೆಟ್ಟ ಸೈಟಿನ ವಿಳಾಸ ಕೇಳಿದಾಗ ಅವರು ಹೇಳುವುದೇ ಇಲ್ಲ. ವೈಫೈ ರೂಟರ್‌ನಲ್ಲಿ ಎರಡು ಅಂಕಿ ಬದಲಿಸಿದರೆ ಲೈಬ್ರರಿಯ ಎಲ್ಲ ಕಂಪ್ಯೂಟರಿಗೂ ಒಟ್ಟಿಗೇ ಆಯಿತು.

ಕ್ಲೌಡ್‌ಫ್ಲೇರ್‌ನ ಕುಟುಂಬದ ಆವೃತ್ತಿಗೆ 1.1.1.3 ಮತ್ತು 1.0.0.3. ಅಶ್ಲೀಲ ಸೈಟ್‌ಗಳ ಜೊತೆ ವೈರಸ್ ಹರಡುವ ಸೈಟ್‌ಗಳನ್ನೂ ತಡೆಯುತ್ತದೆ. ಅಶ್ಲೀಲ ಬಿಡಿ, ವೈರಸ್ ಮಾತ್ರ ತಡೆದರೆ ಸಾಕು ಎನ್ನುವವರಿಗೆ 1.1.1.2. ಓಪನ್‌ಡಿಎನ್‌ಎಸ್‌ನ ಫ್ಯಾಮಿಲಿಶೀಲ್ಡ್‌ಗೆ 208.67.222.123 ಮತ್ತು 208.67.220.123. ಕ್ಲೀನ್‌ಬ್ರೌಸಿಂಗ್‌ನ ಕುಟುಂಬದ ಫಿಲ್ಟರ್ 185.228.168.168, ಮೂರರಲ್ಲಿ ಬಿಗಿಯಾದದ್ದು ಇದೇ. ಸೇಫ್‌ಸರ್ಚ್ ತಾನೇ ಹಾಕಿಬಿಡುತ್ತದೆ, ಫಿಲ್ಟರ್ ದಾಟಲು ಬಳಸುವ ವಿಪಿಎನ್ ಸೈಟ್‌ಗಳನ್ನು ತಡೆಯುತ್ತದೆ, ಒಳ್ಳೆಯದು ಕೆಟ್ಟದ್ದು ಎರಡೂ ಇರುವ ರೆಡಿಟ್‌ನಂಥ ಸೈಟುಗಳನ್ನೂ ಪೂರ್ತಿ ಮುಚ್ಚುತ್ತದೆ. ಪ್ರಾಥಮಿಕ ಶಾಲೆಗೆ ನಾನು ಇದನ್ನು ಹೇಳುತ್ತೇನೆ, ಕಾಲೇಜಿಗೆ ಹೇಳುವುದಿಲ್ಲ.

ಸಮಸ್ಯೆ ಏನೆಂದರೆ ಇದು ರಂಪಣಿ, ಅಂದರೆ ದಡಕ್ಕೆ ಎಳೆಯುವ ದೊಡ್ಡ ಮೀನು ಬಲೆ, ಎಳೆದ ಹಾಗೆ. ಬಲೆಯೊಳಗೆ ಬಂದದ್ದೆಲ್ಲ ದಡಕ್ಕೆ. ಒಂದು ಪುಟ ತಡೆದು ಇನ್ನೊಂದು ಪುಟ ಬಿಡಲು ಡಿಎನ್‌ಎಸ್‌ಗೆ ಬರುವುದಿಲ್ಲ, ತಡೆದರೆ ಇಡೀ ಸೈಟೇ ಹೋಯಿತು. ಈ ಮೂರರ ಪುಕ್ಕಟೆ ಅಂಕಿಗಳಲ್ಲಿ ಒಂದು ಸೈಟನ್ನು ಮಾತ್ರ ಬಿಡಿಸಿಕೊಳ್ಳುವ ದಾರಿಯೂ ಇಲ್ಲ. ತಪ್ಪು ಅವರಿಗೂ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ಕ್ಲೌಡ್‌ಫ್ಲೇರ್ ಈ ಸೇವೆ ಶುರು ಮಾಡಿದಾಗ ಸಲಿಂಗಿಗಳಿಗೆ, ಟ್ರಾನ್ಸ್‌ಜೆಂಡರ್ ಜನರಿಗೆ ನೆರವಾಗುವ ಸೈಟುಗಳೂ ಅಶ್ಲೀಲದ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದವು. ಕಂಪನಿ ತಪ್ಪು ಒಪ್ಪಿ ಸರಿಪಡಿಸಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾಗುತ್ತದೆ ಅಂದರೆ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಈ ಪಟ್ಟಿಗಳನ್ನು ಮಾಡುವವರಿಗೆ ನಮ್ಮ ಊರು ಗೊತ್ತಿಲ್ಲ. ಅಮಲು ಪದಾರ್ಥ, ತಂಬಾಕು ಎಂಬ ವಿಭಾಗ ತಡೆದರೆ ಅಡಿಕೆ, ಗುಟ್ಕಾ ಎಂಬ ಪದ ಇರುವ ಸೈಟ್ ಸಿಕ್ಕಿಕೊಳ್ಳಬಹುದು. ಸಿರ್ಸಿಯಲ್ಲಿ ಅಡಿಕೆ ಧಾರಣೆ ನೋಡಲು ಬಂದ ಹಿರಿಯರಿಗೆ ಏನು ಹೇಳುತ್ತೀರಿ? ಶಸ್ತ್ರಾಸ್ತ್ರ ಎಂಬ ವಿಭಾಗ ತಡೆದರೆ, ಕಾರವಾರದ ಕಡಲ ದಂಡೆಯಲ್ಲಿ ನಿಂತಿರುವ ಚಾಪಲ್ ಯುದ್ಧನೌಕೆಯ ಮೇಲೆ ಪ್ರಬಂಧ ಬರೆಯುವ ಹುಡುಗ ಕ್ಷಿಪಣಿ ಎಂದು ಹುಡುಕಿ ಗೋಡೆಗೆ ಮುಖ ಕೊಟ್ಟು ನಿಲ್ಲಬೇಕಾಗಬಹುದು. ಡಿಎನ್‌ಎಸ್ ಅಲ್ಲದೆ ಚಿತ್ರ ನೋಡಿ ಅಳೆಯುವ ಫಿಲ್ಟರ್‌ಗಳೂ ಇವೆ, ಅವುಗಳಲ್ಲಿ ಕೆಲವು ಚರ್ಮ ಎಷ್ಟು ಕಾಣುತ್ತದೆ ಎಂದು ಲೆಕ್ಕ ಹಾಕುತ್ತವೆ. ರವಿಕೆ ಇಲ್ಲದೆ ಮಣಿಸರಗಳಲ್ಲಿ ನಿಂತ ಹಾಲಕ್ಕಿ ಸಮುದಾಯದ ಅಜ್ಜಿಯರ ಹಳೆಯ ಫೋಟೊ ಆ ಲೆಕ್ಕಕ್ಕೆ ಏನಾಗಿ ಕಂಡೀತು? ಅವರ ಮೊಮ್ಮಗಳೇ ಲೈಬ್ರರಿಯಲ್ಲಿ ಕೂತು ತನ್ನ ಅಜ್ಜಿಯ ಉಡುಗೆಯ ಬಗ್ಗೆ ಓದಲು ಹೋಗಿ ಅಶ್ಲೀಲ ಎಂಬ ಬೋರ್ಡು ನೋಡಿದರೆ ಆ ಗಾಯ ಯಾರು ವಾಸಿ ಮಾಡುತ್ತಾರೆ? ಇಂಥಲ್ಲಿ ಊರನ್ನು ಬಲ್ಲ ಒಬ್ಬ ಮನುಷ್ಯ ಬೇಕು.

ಇದರ ಇನ್ನೊಂದು ಮುಖವೂ ಇದೆ. ಪದ ನೋಡಿ ತಡೆಯುವ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷಿನವು. ಕನ್ನಡದ, ಕೊಂಕಣಿಯ ಕೊಳಕು, ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳ ಆರಾಮಾಗಿ ನುಸುಳಿ ಬರುತ್ತವೆ. ಫಿಲ್ಟರ್ ಹಾಕಿದ್ದೇವೆ, ಇನ್ನು ಚಿಂತೆ ಇಲ್ಲ ಎಂದು ಪಾಲಕರಿಗೆ ಮಾತು ಕೊಡಬೇಡಿ.

ನಿಮ್ಮದೇ ಖಾತೆ ಇರುವ ಡಿಎನ್‌ಎಸ್

ನಾನು ಈಗ ಜಾಸ್ತಿ ಕಡೆ ಸಲಹೆ ಕೊಡುವುದು ಇದನ್ನು. ನೆಕ್ಸ್ಟ್‌ಡಿಎನ್‌ಎಸ್‌ನಂಥ ಸೇವೆಯಲ್ಲಿ ನೀವೇ ಖಾತೆ ತೆರೆಯುತ್ತೀರಿ. ಯಾವ ವಿಭಾಗ ತಡೆಯಬೇಕು ಎಂದು ನೀವೇ ಆರಿಸುತ್ತೀರಿ, ಸೇಫ್‌ಸರ್ಚ್ ಅಲ್ಲೇ ಹಾಕಬಹುದು. ಮುಖ್ಯವಾಗಿ ಅಲ್ಲೊಂದು ಬಿಡುಗಡೆಯ ಪಟ್ಟಿ ಇದೆ. ತಪ್ಪಾಗಿ ತಡೆದ ಸೈಟಿನ ಹೆಸರು ಅದರಲ್ಲಿ ಬರೆದರೆ ಒಂದೆರಡು ನಿಮಿಷದಲ್ಲಿ ತೆರೆಯುತ್ತದೆ, ಮೊಬೈಲಿನಿಂದಲೂ ಮಾಡಬಹುದು. ದಾಖಲೆ ಎಷ್ಟು ಹೊತ್ತು ಇಡಬೇಕು, ಇಡಲೇಬೇಕಾ ಎನ್ನುವುದೂ ನಿಮ್ಮ ಕೈಯಲ್ಲಿದೆ. ಲೈಬ್ರರಿಯಲ್ಲಿ ದಾಖಲೆ ಪೂರ್ತಿ ಆಫ್ ಮಾಡಿ.

ತೊಡಕು ಎರಡು. ಪುಕ್ಕಟೆ ಖಾತೆಯಲ್ಲಿ ತಿಂಗಳಿಗೆ 3 ಲಕ್ಷ ವಿಚಾರಣೆಗಳಷ್ಟೇ (ಕಂಪ್ಯೂಟರ್ ಸೈಟಿನ ವಿಳಾಸ ಕೇಳುವ ಒಂದೊಂದು ಸಲವೂ ಒಂದು ವಿಚಾರಣೆ). ಒಂದೇ ಪುಟ ತೆರೆದರೂ ಹತ್ತಾರು ವಿಚಾರಣೆ ಹೋಗುತ್ತವೆ, ಹಾಗಾಗಿ ಐದಾರು ಕಂಪ್ಯೂಟರ್ ದಿನವಿಡೀ ಓಡುವಲ್ಲಿ ಮಿತಿ ದಾಟುವುದು ಸುಲಭ, ದಾಟಿದ ಮೇಲೆ ಆ ತಿಂಗಳು ಸೋಸುವುದೇ ನಿಲ್ಲುತ್ತದೆ, ಇಂಟರ್ನೆಟ್ ಮಾತ್ರ ನಡೆಯುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದು, ಓಪನ್‌ಡಿಎನ್‌ಎಸ್‌ನ ಖಾತೆಯಂಥವು ನಿಮ್ಮ ಲೈನಿನ ಹೊರಗಿನ ಅಂಕಿ ವಿಳಾಸ ನೋಡಿ ನಿಮ್ಮನ್ನು ಗುರುತಿಸುತ್ತವೆ. ಆ ವಿಳಾಸ ಬದಲಾಗುತ್ತಿದ್ದರೆ, ಅಥವಾ ಹತ್ತಾರು ಮನೆಗೆ ಒಂದೇ ವಿಳಾಸ ಹಂಚಿದ್ದರೆ ನಿಮ್ಮ ಆಯ್ಕೆ ಕೆಲಸ ಮಾಡುವುದಿಲ್ಲ. ಅಂಥಲ್ಲಿ ಪ್ರತಿ ಕಂಪ್ಯೂಟರಿನ ಬ್ರೌಸರ್‌ನಲ್ಲೇ ನೆಕ್ಸ್ಟ್‌ಡಿಎನ್‌ಎಸ್ ವಿಳಾಸ ಹಾಕುವುದು ಒಳ್ಳೆಯದು.

ಬ್ರೌಸರ್ ಅಂದೆನಲ್ಲ, ಕ್ರೋಮ್‌ನಲ್ಲಿ ಸೆಕ್ಯೂರ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಬಲ್ಲ ಹುಡುಗ ಅದನ್ನು ಬದಲಿಸಿ ನಿಮ್ಮ ಫಿಲ್ಟರನ್ನು ಅರ್ಧ ನಿಮಿಷದಲ್ಲಿ ದಾಟುತ್ತಾನೆ. ವೈಫೈ ಬಿಟ್ಟು ತನ್ನ ಮೊಬೈಲ್ ಡೇಟಾ ಹಾಕಿಕೊಂಡರಂತೂ ನಿಮ್ಮ ಯಾವ ಫಿಲ್ಟರೂ ಅವನನ್ನು ಮುಟ್ಟುವುದಿಲ್ಲ. ಇದಕ್ಕೆ ಬೇಸರ ಬೇಡ. ಹಟ ಹಿಡಿದು ಹುಡುಕುವವನನ್ನು ತಡೆಯುವುದು ಲೈಬ್ರರಿಯಿಂದ ಆಗದ ಕೆಲಸ. ಎಡವುವ ಮಗುವನ್ನು ಹಿಡಿದುಕೊಳ್ಳುವುದು ಆಗುವ ಕೆಲಸ, ನಾವು ಅದನ್ನು ಮಾಡೋಣ.

ದುಡ್ಡು ಕೊಟ್ಟು ಹಾಕಿಸುವ ಪೆಟ್ಟಿಗೆ

ಫೈರ್‌ವಾಲ್ ಎಂದು ಮಾರುತ್ತಾರೆ. ದೊಡ್ಡ ಕಾಲೇಜುಗಳಲ್ಲಿ, ನೂರಾರು ಕಂಪ್ಯೂಟರ್ ಇರುವಲ್ಲಿ, ನೋಡಿಕೊಳ್ಳಲು ಒಬ್ಬ ತಾಂತ್ರಿಕ ಸಿಬ್ಬಂದಿ ಇದ್ದರೆ ಸರಿ. ಪ್ರತಿ ವರ್ಷ ಚಂದಾ ಕಟ್ಟಬೇಕು, ಕಟ್ಟದಿದ್ದರೆ ಪಟ್ಟಿ ಹಳತಾಗುತ್ತದೆ. ಪುಟ ಪುಟವಾಗಿ ಸೋಸಬೇಕಾದರೆ ಇವು ನಡುವೆ ಯಾರೂ ಓದದಂತೆ ಬೀಗ ಹಾಕಿದ ಸಂಪರ್ಕವನ್ನೂ ನಡುವೆ ಬಿಚ್ಚಿ ನೋಡುತ್ತವೆ. ಅದಕ್ಕಾಗಿ ಪ್ರತಿ ಕಂಪ್ಯೂಟರ್‌ನಲ್ಲಿ ಒಂದು ಡಿಜಿಟಲ್ ಪ್ರಮಾಣಪತ್ರ ಕೂರಿಸುತ್ತಾರೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ನಮ್ಮ ಲೈಬ್ರರಿಗೆ ಜನ ಬರುವುದು ಪಹಣಿ ತೆಗೆಯಲು, ವಿದ್ಯಾರ್ಥಿವೇತನದ ಅರ್ಜಿ ಹಾಕಲು, ಬ್ಯಾಂಕ್ ಖಾತೆ ನೋಡಲು. ಅವರ ಪಾಸ್‌ವರ್ಡ್ ಕೂಡ ಆ ಪೆಟ್ಟಿಗೆಯೊಳಗೆ ಬಿಚ್ಚಿಕೊಂಡೇ ಹೋಗಬಹುದು. ಬ್ಯಾಂಕ್ ಮತ್ತು ಸರ್ಕಾರಿ ಸೈಟುಗಳನ್ನು ಬಿಚ್ಚುವುದಿಲ್ಲ ಎಂದು ಬರೆದುಕೊಡಿ ಅಂತ ಮಾರುವವರನ್ನು ಕೇಳಿ. ಬರೆದುಕೊಡದಿದ್ದರೆ ಬೇಡ. ಇನ್ನೊಂದು ಕರಾರು: ಬಿಡುಗಡೆಯ ಪಾಸ್‌ವರ್ಡ್ ಲೈಬ್ರರಿಯನ್ ಹತ್ತಿರ ಇರಬೇಕು. ನಾನು ಕಲಿತದ್ದು ಅದರ ಕೊರತೆಯಿಂದಲೇ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಕಡೆ ಯಾವ ಪೆಟ್ಟಿಗೆಯೂ ತಲೆನೋವೇ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಪೈಹೋಲ್ ಎಂಬ ಡಿಎನ್‌ಎಸ್ ಫಿಲ್ಟರ್ ಹಾಕಿಕೊಡುತ್ತೇನೆ ಎಂದು ಹುಮ್ಮಸ್ಸಿನ ಹುಡುಗರು ಬರುತ್ತಾರೆ, ಚೆನ್ನಾದ ಸಾಧನವೇ ಅದು, ಆದರೆ ಕರೆಂಟ್ ದಿಢೀರ್ ಹೋದಾಗ ಅದರ ಮೆಮೊರಿ ಕಾರ್ಡ್ ಕೆಡಬಹುದು, ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಸರಿ ಮಾಡುವವರು ಯಾರು?

ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ, ಗೂಗಲ್ ಫ್ಯಾಮಿಲಿ ಲಿಂಕ್ ಬಗ್ಗೆ ಕೇಳುತ್ತಾರೆ. ಅವು ಮನೆಗೆ. ಪ್ರತಿ ಮಗುವಿಗೆ ಒಂದು ಖಾತೆ, ಅದರ ಹಿಂದೆ ಒಬ್ಬ ಪಾಲಕರು, ಆ ಲೆಕ್ಕದಲ್ಲಿ ಮಾಡಿದ್ದು. ಲೈಬ್ರರಿಗೆ ಹೊಂದುವುದಿಲ್ಲ.

ಆರಿಸಿದ್ದಷ್ಟೇ ಇಡುವುದು

ಎಲ್ಲ ಮುಚ್ಚಿ ಹತ್ತಿಪ್ಪತ್ತು ಸೈಟ್ ಮಾತ್ರ ಬಿಡುವ ಕ್ರಮ ಇದು. ಸಣ್ಣ ಮಕ್ಕಳ ಮೂಲೆಗೆ ಸರಿ, ಉಳಿದವರಿಗೆ ಉಸಿರು ಕಟ್ಟುತ್ತದೆ. ಆದರೆ ಇದರದೇ ಒಂದು ರೂಪ ನನಗೆ ತುಂಬ ಇಷ್ಟ. ಕಿವಿಕ್ಸ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಇಡೀ ವಿಕಿಪೀಡಿಯವನ್ನು ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೇ ಓದಬಹುದು. 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯ ಒಂದು ಪೆನ್‌ಡ್ರೈವ್‌ನಲ್ಲಿ ಕೂರುತ್ತದೆ. ಇಂಗ್ಲಿಷಿನದು ಚಿತ್ರಗಳ ಸಮೇತ 100 ಜಿಬಿ ದಾಟುತ್ತದೆ, ಅದಕ್ಕೆ ದೊಡ್ಡ ಡಿಸ್ಕ್ ಬೇಕು. ಒಂದು ಲ್ಯಾಪ್‌ಟಾಪ್‌ನಲ್ಲಿ ಹಾಕಿ ಉಳಿದ ಕಂಪ್ಯೂಟರುಗಳಿಗೆ ಅಲ್ಲಿಂದಲೇ ಕೊಡಬಹುದು. ಜೋಯಿಡಾದ, ಯಲ್ಲಾಪುರದ ಒಳ ಊರುಗಳಲ್ಲಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಮಕ್ಕಳಿಗೆ ಫಿಲ್ಟರ್‌ಗಿಂತ ಮೊದಲು ಬೇಕಾದದ್ದು ಓದಲು ಏನಾದರೂ. ಅಲ್ಲಿ ಲೈಬ್ರರಿಯನ್ ಮಾಡಬೇಕಾದ ಕೆಲಸ ಹಳೆಯದೇ, ಒಳ್ಳೆಯದನ್ನು ಆರಿಸಿ ತಂದಿಡುವುದು.

ಯಾರಿಗೆ ಯಾವುದು?

ಪಂಚಾಯಿತಿಯ ಅರಿವು ಕೇಂದ್ರ, ಎರಡು ಮೂರು ಕಂಪ್ಯೂಟರ್, ಮಕ್ಕಳೂ ಹಿರಿಯರೂ ಒಟ್ಟಿಗೆ ಬರುವ ಜಾಗ: ಒಂದರಲ್ಲಿ ಕಿವಿಕ್ಸ್, ಉಳಿದದ್ದಕ್ಕೆ ಪುಕ್ಕಟೆ ನೆಕ್ಸ್ಟ್‌ಡಿಎನ್‌ಎಸ್ ಖಾತೆ. ಅಶ್ಲೀಲ ಮತ್ತು ವೈರಸ್ ಇಷ್ಟೇ ತಡೆಯಿರಿ, ಬೇರೆ ವಿಭಾಗಕ್ಕೆ ಕೈ ಹಾಕಬೇಡಿ. ಪ್ರಾಥಮಿಕ ಶಾಲೆಗೆ ಕ್ಲೀನ್‌ಬ್ರೌಸಿಂಗ್ ಸಾಕು. ಹೈಸ್ಕೂಲು, ಪಿಯು ಕಾಲೇಜಿಗೆ ಸೇಫ್‌ಸರ್ಚ್ ಜೊತೆಗೆ ಖಾತೆಯ ಡಿಎನ್‌ಎಸ್, ದುಡ್ಡು ಕಟ್ಟಿ ತೆಗೆದುಕೊಂಡರೆ ಮಿತಿಯ ಚಿಂತೆ ಇಲ್ಲ. ಜೀವಶಾಸ್ತ್ರದ ಪಾಠಕ್ಕೇ ಅಡ್ಡ ಬರುವ ಫಿಲ್ಟರ್ ಅಲ್ಲಿ ಬೇಡವೇ ಬೇಡ. ಪದವಿ ಕಾಲೇಜಿಗೆ ವೈರಸ್ ಮಾತ್ರ ತಡೆಯುವ 1.1.1.2 ಸಾಕು. ಅವರು ದೊಡ್ಡವರು. ಮತ ಹಾಕುವವರಿಗೆ ಏನು ಓದಬೇಕೆಂದು ನಾವು ಹೇಳುವ ಹಾಗಿಲ್ಲ. 2019ರಲ್ಲಿ ಹಾಸ್ಟೆಲ್ ಹುಡುಗಿಯೊಬ್ಬಳ ಮೊಬೈಲ್ ವಿಷಯದಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಒಳಗೇ ಬರುತ್ತದೆ ಎಂದದ್ದನ್ನು ಆಡಳಿತ ಮಂಡಳಿಯವರಿಗೆ ತೋರಿಸಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಇಲ್ಲ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಯಾವುದನ್ನೇ ಆಗಲಿ ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ, ಮೊದಲ ಸಲವೇ ಐದು ವರ್ಷದವರೆಗೆ ಜೈಲು. ಅಂಥದ್ದು ಕಂಡರೆ ಅದನ್ನು ತೆರೆದುಕೊಡುವ ಪ್ರಶ್ನೆಯೇ ಇಲ್ಲ. ಸಾಕ್ಷಿಗೆಂದು ನೀವು ಪ್ರತಿ ತೆಗೆಯಬೇಡಿ, ಆ ಕಂಪ್ಯೂಟರನ್ನು ಯಾರಿಗೂ ಕೊಡಬೇಡಿ, ಪೊಲೀಸರಿಗೆ ತಿಳಿಸಿ. ಮಗು ಅಪಾಯದಲ್ಲಿದೆ ಅನ್ನಿಸಿದರೆ 1098ಕ್ಕೆ ಫೋನ್ ಮಾಡಿ.

ಕೊನೆಯದು ತೆರೆದುಕೊಡುವ ಕ್ರಮ. ನಾನು ಪ್ರತಿ ಕಂಪ್ಯೂಟರ್ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: "ಪುಟ ತೆರೆಯದಿದ್ದರೆ ಅದು ನಿಮ್ಮ ತಪ್ಪಲ್ಲ. ವಿಳಾಸ ಬರೆದು ಡಬ್ಬಿಗೆ ಹಾಕಿ ಅಥವಾ ನನಗೆ ಕೊಡಿ. ಹೆಸರು ಬೇಡ, ಕಾರಣ ಬೇಡ." ಪಕ್ಕದಲ್ಲೇ ಸಣ್ಣ ಕಾಗದ, ಪೆನ್ನು. ಗಂಟೆಗೊಮ್ಮೆ ಡಬ್ಬಿ ನೋಡುತ್ತೇನೆ. ಅನುಮಾನ ಇದ್ದರೆ ನಾನೇ ಆ ಪುಟ ತೆರೆದು ಓದಿ ನೋಡುತ್ತೇನೆ. ತೆರೆದ ಸೈಟಿನ ಹೆಸರನ್ನು ಅಲ್ಲೇ ಬೋರ್ಡಿನಲ್ಲಿ ಬರೆಯುತ್ತೇನೆ, ಕೇಳಿದವರು ಬಂದು ನೋಡಿಕೊಳ್ಳುತ್ತಾರೆ. ಆರೋಗ್ಯದ ಸೈಟುಗಳ ಹೆಸರು ಮಾತ್ರ ಬೋರ್ಡಿಗೆ ಹಾಕುವುದಿಲ್ಲ, ಸುಮ್ನೆ ತೆರೆದಿಡುತ್ತೇನೆ. ನಾನು ರಜೆ ಹಾಕಿದ ದಿನವೂ ಇದು ನಿಲ್ಲಬಾರದು, ಅದಕ್ಕೇ ಪಾಸ್‌ವರ್ಡ್ ನಮ್ಮ ಅಟೆಂಡರ್ ಅಣ್ಣನಿಗೂ ಗೊತ್ತು. ಅವರಿಗೆ ಹೇಳಿಕೊಡಲು ಒಂದು ಮಧ್ಯಾಹ್ನ ಸಾಕಾಯಿತು.